ಲಿಫ್ಟಿಗೆ ಹಿಡಿಸುವ ಗಾಡಿ

ರಸ್ತೆ ದಾಟುವ ಜಾಗದಲ್ಲಿ ಬಿಳಿ ಪಟ್ಟೆಗಳು ಒಟ್ಟು ಹನ್ನೊಂದು. ಗುರುವಾರ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಅಳತೆಗಾರನ ಮೂರು ವರ್ಷದ ಮಗಳು ಅದರಲ್ಲಿ ಆರನೆಯದರ ಮೇಲೆ ಕೂತುಬಿಟ್ಟಳು. ಎಡವಿ ಬಿದ್ದದ್ದಲ್ಲ, ಅತ್ತು ಹಟ ಹಿಡಿದದ್ದೂ ಅಲ್ಲ. ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕವರ ಹಾಗೆ ಫ್ರಾಕು ಸರಿಮಾಡಿಕೊಂಡು, ಕಾಲು ಚಾಚಿ, ನೆಮ್ಮದಿಯಾಗಿ ಕೂತಳು.

"ನಾನ್ ನಡೆಯಲ್ಲ," ಎಂದಳು. "ಪಾಪುಗೆ ಗಾಡಿ ಇದೆ. ನಂಗಿಲ್ಲ."

ಮಾತಿನಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಎಂಟು ತಿಂಗಳ ತಮ್ಮ ತನ್ನ ಗಾಡಿಯಲ್ಲಿ ಅಂಗಾತ ಮಲಗಿ, ಸ್ವಂತ ಕಾಲಿನ ಹೆಬ್ಬೆರಳನ್ನು ಸಾವಕಾಶವಾಗಿ ಚೀಪುತ್ತಿದ್ದ. ದೀಪ ಹಸಿರಾಯಿತು. ಬಸ್ಸಿನ ಚಾಲಕ ಒಮ್ಮೆ ಹಾರ್ನ್ ಹೊಡೆದು ನೋಡಿದ. ಪ್ರಯೋಜನವಿಲ್ಲ ಎಂದು ಕಂಡಮೇಲೆ ಎಂಜಿನ್ ಆರಿಸಿ, ಸ್ಟೇರಿಂಗ್ ಮೇಲೆ ಗಲ್ಲ ಊರಿ, ನಾಟಕ ನೋಡುವವರ ಹಾಗೆ ಕೂತ. ಅಳತೆಗಾರ ಕೊನೆಗೆ ಮಗಳನ್ನು ಸುತ್ತಿದ ಚಾಪೆಯಂತೆ ಕಂಕುಳಲ್ಲಿ ಇರುಕಿಕೊಂಡು, ಇನ್ನೊಂದು ಕೈಯಲ್ಲಿ ಗಾಡಿ ತಳ್ಳುತ್ತ, ಏಡಿಯ ಹಾಗೆ ಓರೆಯಾಗಿ ನಡೆದು ಶಿಶುವಿಹಾರ ಮುಟ್ಟಿದ. ಅಲ್ಲಿಂದ ಕೆಲಸಕ್ಕೆ ಹೋದಾಗ ಒಂಬತ್ತೂ ಇಪ್ಪತ್ತೈದು. ಆ ತಿಂಗಳಲ್ಲಿ ಅದು ಮೂರನೇ ಸಲ.

ಅವನಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಎರಡು ಕಣ್ಣುಪಾಪೆಗಳ ನಡುವಿನ ದೂರ ಅಳೆದು ಚೀಟಿಯಲ್ಲಿ ಬರೆಯುವುದು ಅವನ ಪಾಲಿನದು. ಅರ್ಧ ಮಿಲಿಮೀಟರ್ ಆಚೀಚೆಯಾದರೂ ಹಾಕಿಕೊಂಡವರಿಗೆ ತಲೆನೋವು. ಹದಿನಾಲ್ಕು ವರ್ಷದಲ್ಲಿ ಅವನಿಂದ ಒಬ್ಬರಿಗೂ ತಲೆನೋವು ಬಂದಿರಲಿಲ್ಲ, ಮನೆಯವರನ್ನು ಬಿಟ್ಟು. ಮನೆಯಲ್ಲಿ ಅವನು ಪರದೆಯನ್ನು ಎರಡು ಸಲ ಅಳೆಯುತ್ತಿದ್ದ, ಹಾಲಿನ ಬಾಟಲಿಯನ್ನು ಬೆಳಕಿಗೆ ಹಿಡಿದು ಗೆರೆ ನೋಡುತ್ತಿದ್ದ, ಮಕ್ಕಳ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಸೂಜಿಯಲ್ಲಿ ಗುರುತು ಮಾಡುತ್ತಿದ್ದ. ಅಳತೆಗಾರ ಎಂಬ ಹೆಸರು ಅಂಗಡಿಯಲ್ಲಿ ಹುಟ್ಟಿ, ಅವನಿಗಿಂತ ಮುಂಚೆ ಮನೆ ಸೇರಿತ್ತು.

ಅಂಗಡಿಯ ಯಜಮಾನಿ ಬೈಯುವವರಲ್ಲ. ಗುರುವಾರ ಅವನು ಒಳಗೆ ಬಂದಾಗ ಅವರು ಒಂದು ಮೆತ್ತನೆ ಬಟ್ಟೆ ತೆಗೆದುಕೊಂಡು ಗೋಡೆ ಗಡಿಯಾರದ ಗಾಜನ್ನು ಒರೆಸಿದರು, ಅಷ್ಟೇ. ಮಧ್ಯಾಹ್ನ ಮಾತ್ರ ಹತ್ತಿರ ಕರೆದು, ಸೋಮವಾರದಿಂದ ಇನ್ನೊಮ್ಮೆ ಒಂಬತ್ತು ದಾಟಿದರೆ ಅಳತೆಯ ಕುರ್ಚಿಯನ್ನು ಫ್ರೇಮಿನವನಿಗೆ ಕೊಡಬೇಕಾಗುತ್ತದೆ ಎಂದರು. ಫ್ರೇಮಿನವನು ಎಂದರೆ ಪಕ್ಕದ ಮೇಜಿನವನು, ಚೌಕಟ್ಟಿಗೆ ಗಾಜು ಕೂರಿಸುವವನು. ಎಲ್ಲವನ್ನೂ ಕಣ್ಣಂದಾಜಿನಲ್ಲೇ ಮಾಡುವ ಆಸಾಮಿ. ತನ್ನ ಕುರ್ಚಿಯ ಹಿಂದೆ ಆ ಮನುಷ್ಯ ನಿಂತ ಚಿತ್ರ ನೆನೆದು ಅಳತೆಗಾರ ಕುರ್ಚಿಯನ್ನು ಗೋಡೆಗೆ ಇನ್ನಷ್ಟು ಒತ್ತಿ ಇಟ್ಟ.

ಎರಡು ಮಕ್ಕಳು ಕೂರುವ ಜೋಡಿ ಗಾಡಿ ಬೇಕೆಂಬ ಮಾತು ಮನೆಯಲ್ಲಿ ಹೊಸದೇನೂ ಅಲ್ಲ. ಮಗ ಹುಟ್ಟಿದ ವಾರದಿಂದಲೇ ಇತ್ತು. ಅಳತೆಗಾರ ಅದಕ್ಕೊಂದು ಪಟ್ಟಿ ಮಾಡುತ್ತಿದ್ದ: ಅಗಲ, ಉದ್ದ, ತೂಕ, ಚಕ್ರದ ವ್ಯಾಸ, ಹಿಡಿಕೆಯ ಎತ್ತರ. ಪಟ್ಟಿ ಬೆಳೆದು ಈಗ ಫ್ರಿಜ್ಜಿನ ಬಾಗಿಲಿಂದ ಕೆಳಗಿಳಿದು ನೆಲ ಮುಟ್ಟುವುದರಲ್ಲಿತ್ತು. ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಬೆಳಿಗ್ಗೆ ಏಳಕ್ಕೇ ಡ್ಯೂಟಿ. ಆದ್ದರಿಂದ ಬೆಳಗಿನ ಮಕ್ಕಳ ಸಾಗಾಟವೆಲ್ಲ ಅವನದೇ. ಶುಕ್ರವಾರ ಸಂಜೆ ಅವಳು ಬಟ್ಟೆ ಮಡಚುತ್ತ ಸಮಾಧಾನವಾಗಿಯೇ ಹೇಳಿದಳು.

"ನಾಳೆ ಸಂಜೆ ನಾನು ಬರೋ ಹೊತ್ತಿಗೆ ಮನೇಲಿ ಗಾಡಿ ಇರ್ಬೇಕು ರೀ. ಪಟ್ಟಿ ಅಲ್ಲ. ಗಾಡಿ."

ಶನಿವಾರ ಅವನಿಗೆ ಅರ್ಧ ದಿನದ ಕೆಲಸ. ಬೆಳಿಗ್ಗೆಯೇ ವಿಷಯ ಅಂಗಡಿಯಲ್ಲಿ ಹಬ್ಬಿತು, ಏಕೆಂದರೆ ಅವನು ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟದ್ದು ಅಂಗಿಯೊಳಗೆ ದಿಂಬು ಇಟ್ಟ ಹಾಗೆ ಕಾಣುತ್ತಿತ್ತು. ಫ್ರೇಮಿನವನು ಕೂಡಲೇ ತನ್ನ ತೀರ್ಮಾನ ಹೇಳಿದ. ಜೋಡಿ ಗಾಡಿಯಲ್ಲಿ ಎರಡು ಜಾತಿ. ಮಕ್ಕಳು ಪಕ್ಕಪಕ್ಕ ಕೂರುವುದೊಂದು, ಹಿಂದೆ ಮುಂದೆ ಕೂರುವುದೊಂದು. ಪಕ್ಕಪಕ್ಕದ್ದೇ ಒಳ್ಳೆಯದು. ಹಿಂದೆ ಮುಂದೆಯದರಲ್ಲಿ ಹಿಂದಿನ ಮಗುವಿಗೆ ಲೋಕವೆಂದರೆ ಮುಂದಿನ ಮಗುವಿನ ತಲೆಯ ಹಿಂಭಾಗ, ಅಷ್ಟೇ. ಅಂಥ ಮಗು ಮುಂದೆ ಎಲ್ಲಿ ಹೋದರೂ ಎರಡನೆಯದಾಗಿಯೇ ಉಳಿಯುತ್ತದೆ ಎಂದ. ಯಜಮಾನಿ ಒಪ್ಪಲಿಲ್ಲ. ಪಕ್ಕಪಕ್ಕ ಕೂರಿಸಿದರೆ ಕೂದಲು ಜಗ್ಗುವುದು, ಕಚ್ಚುವುದು, ಬಿಸ್ಕತ್ತು ಕಸಿಯುವುದು ಎಲ್ಲ ಕೈಯಳತೆಯಲ್ಲೇ ನಡೆಯುತ್ತದೆ. ತನಗೂ ತನ್ನ ತಂಗಿಗೂ ಇವತ್ತಿಗೂ ಮಾತಿಲ್ಲ, ಕಾರಣ ಅಂಥದೇ ಒಂದು ಗಾಡಿ ಎಂದರು.

ಅಳತೆಯ ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯೂ ಸುಮ್ಮನಿರಲಿಲ್ಲ. ಒಂದು ಕಣ್ಣು ಮುಚ್ಚಿಕೊಂಡು ಎದುರಿನ ಫಲಕದ ಅಕ್ಷರ ಓದುತ್ತಿದ್ದವರು ನಾಲ್ಕನೇ ಸಾಲಿಗೆ ಬಂದು ನಿಂತು, ಏನೇ ಆಗಲಿ ಅಗಲ ಎಪ್ಪತ್ತಾರು ದಾಟಬಾರದು, ತನ್ನ ಅಳಿಯ ಅದನ್ನು ದಾಟಿ ಕೆಟ್ಟ ಎಂದರು. ಐದು ನಿಮಿಷದ ಮೇಲೆ ಫ್ರೇಮಿನವನು ಆ ಗಿರಾಕಿಯ ಚೀಟಿ ಹಿಡಿದುಕೊಂಡು ಎದ್ದು ಬಂದ.

"ಕಣ್ಣಿನ ದೂರ ಎಪ್ಪತ್ತಾರು ಅಂತ ಬರ್ದಿದ್ದೀಯಲ್ಲಪ್ಪ. ಕೂತಿರೋದು ಮನುಷ್ಯರಾ, ಎಮ್ಮೆಯಾ?"

ಅಳತೆಗಾರ ಚೀಟಿ ನೋಡಿದ. ಹದಿನಾಲ್ಕು ವರ್ಷದಲ್ಲಿ ಮೊದಲ ತಪ್ಪು. ಅದನ್ನು ಹೊಡೆದುಹಾಕಿ ಅರವತ್ತೆರಡೂವರೆ ಎಂದು ಬರೆಯುವಾಗ ಅವನ ಕಿವಿ ಕೆಂಪಾಗಿತ್ತು. ಯಜಮಾನಿ ಮತ್ತೆ ಆ ಮೆತ್ತನೆ ಬಟ್ಟೆ ತೆಗೆದುಕೊಂಡು ಗಡಿಯಾರದ ಕಡೆ ಹೋದರು.

ಮಧ್ಯಾಹ್ನ ಒಂದಕ್ಕೆ ಮನೆಗೆ ಬಂದ. ಅವನ ಮನೆ ಇದ್ದದ್ದು ಆರು ಮಹಡಿಯ ಹಳೆಯ ಕಟ್ಟಡದ ಐದನೇ ಮಹಡಿಯಲ್ಲಿ. ಮಕ್ಕಳು ಎರಡನೇ ಮಹಡಿಯಲ್ಲಿದ್ದರು, ಟೆಲಿಫೋನ್ ದೊಡ್ಡಮ್ಮನ ಹತ್ತಿರ. ಆಕೆ ಟೆಲಿಫೋನ್ ಕಚೇರಿಯಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಕೆಲಸ ಬಿಟ್ಟಿದ್ದರು, ಅಭ್ಯಾಸ ಬಿಟ್ಟಿರಲಿಲ್ಲ. ಒಂದನೇ ಮಹಡಿಯ ಸುದ್ದಿಯನ್ನು ಆರನೆಯದಕ್ಕೂ ಆರನೆಯದನ್ನು ಒಂದನೆಯದಕ್ಕೂ ತಡವಿಲ್ಲದೆ ಜೋಡಿಸಿ ಕೊಡುತ್ತಿದ್ದರು. ಮಕ್ಕಳನ್ನು ಕರೆದುಕೊಳ್ಳುವ ಮೊದಲು ಲಿಫ್ಟೊಂದನ್ನು ಅಳೆದುಬಿಡೋಣವೆಂದು ಅಳತೆಗಾರ ಜೇಬಿನಿಂದ ಉಕ್ಕಿನ ಟೇಪು ತೆಗೆದ. ಗಾಡಿ ಎಷ್ಟೇ ಚೆನ್ನಾಗಿರಲಿ, ಲಿಫ್ಟಿಗೆ ಹಿಡಿಸದಿದ್ದರೆ ಐದನೇ ಮಹಡಿಯವನಿಗೆ ಅದರಿಂದೇನು ಬಂತು?

ಎರಡನೇ ಮಹಡಿಯಲ್ಲಿ ಲಿಫ್ಟು ನಿಲ್ಲಿಸಿ, ಬಾಗಿಲು ಮುಚ್ಚದಂತೆ ಒಂದು ಚಪ್ಪಲಿಯನ್ನು ಅಡ್ಡ ಇಟ್ಟು, ಒಳಗೆ ಕುಕ್ಕರುಗಾಲಿನಲ್ಲಿ ಕೂತು ಅಳೆದ. ಒಳಗಿನ ಆಳ ನೂರ ಇಪ್ಪತ್ತು ಸೆಂಟಿಮೀಟರ್. ಬಾಗಿಲಿನ ಅಗಲ ಮೇಲ್ತುದಿಯಲ್ಲಿ ಎಪ್ಪತ್ತು ಸೆಂಟಿಮೀಟರ್ ಆರು ಮಿಲಿಮೀಟರ್, ಕೆಳತುದಿಯಲ್ಲಿ ಎಪ್ಪತ್ತು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್. ಎರಡು ಮಿಲಿಮೀಟರಿನ ಈ ವ್ಯತ್ಯಾಸ ಅವನನ್ನು ಕಾಡಿತು. ಮತ್ತೆ ಅಳೆದ. ಅಷ್ಟರಲ್ಲಿ ಮೇಲಿನಿಂದ ಯಾರೋ ಬಾಗಿಲು ಬಡಿದರು, ಕೆಳಗಿನಿಂದ ಯಾರೋ ಕೆಮ್ಮಿದರು. ಟೆಲಿಫೋನ್ ದೊಡ್ಡಮ್ಮ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಹೊರಗೆ ಬಂದು, ಮೆಟ್ಟಿಲ ಬಾಯಿಗೆ ನಿಂತು, ಮೇಲಿನವರಿಗೂ ಕೆಳಗಿನವರಿಗೂ ಅಳತೆ ನಡೆದಿದೆ ಎಂದು ಹೇಳಿದರು. ಏಕೆ ಎಂದು ಕೇಳಿದವರಿಗೆ, ಲಿಫ್ಟು ಸಣ್ಣದಂತೆ, ಮಕ್ಕಳಿಗೆ ಆಗುವುದಿಲ್ಲವಂತೆ ಎಂದು ತಮಗೆ ತೋಚಿದಂತೆ ಜೋಡಿಸಿಕೊಟ್ಟರು.

ಮೂರನೇ ಮಹಡಿಯವರು ಇಳಿದು ಬಂದು ತಮ್ಮ ಸೋಫಾದ ಕತೆ ಹೇಳಿದರು. ಲಿಫ್ಟಿಗೆ ಹಿಡಿಸದೆ ಅದನ್ನು ಹಗ್ಗ ಕಟ್ಟಿ ಬಾಲ್ಕನಿಯಿಂದ ಎತ್ತಿದ್ದು, ಅರ್ಧ ದಾರಿಯಲ್ಲಿ ಅದು ತಿರುಗಿ ಕೆಳಗಿನ ಮನೆಯ ಕಿಟಕಿಯಲ್ಲಿ ಇಣುಕಿದ್ದು. ನಾಲ್ಕನೇ ಮಹಡಿಯ ಮಂಡಿನೋವಿನ ಆಂಟಿ, ತನಗೆ ಲಿಫ್ಟಿಲ್ಲದಿದ್ದರೆ ದಿನವೇ ಇಲ್ಲ, ಬೇಗ ಬಿಡಿ ಎಂದರು. ಎಲ್ಲರೂ ಮಾತಾಡುತ್ತಿರುವಾಗ ಕಾರ್ಯದರ್ಶಿಗಳು ಮೆಟ್ಟಿಲೇರಿ ಬಂದರು.

ಕಟ್ಟಡದ ಸಂಘದ ಕಾರ್ಯದರ್ಶಿಗಳು ದಾಖಲೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವರು. ಕೊರಳಿಗೆ ದಾರ ಕಟ್ಟಿದ ಪೆನ್ನು, ಕೈಯಲ್ಲಿ ನೀಲಿ ರಟ್ಟಿನ ಪುಸ್ತಕ. ಬಾಯಿಮಾತಿಗೆ ಅವರಲ್ಲಿ ಬೆಲೆಯಿಲ್ಲ. ಏನಿದ್ದರೂ ಕಾಗದದ ಮೇಲೆ. ಅಳತೆಗಾರ ಕುಕ್ಕರುಗಾಲಿನಲ್ಲೇ ತಲೆಯೆತ್ತಿ, ದೂರೇನಿಲ್ಲ, ಗಾಡಿ ಕೊಳ್ಳುವ ಮುಂಚೆ ಒಂದು ಅಳತೆ ಅಷ್ಟೇ ಎಂದ. ಕಾರ್ಯದರ್ಶಿಗಳ ಮುಖ ಅರಳಿತು. ಹನ್ನೆರಡು ವರ್ಷದಿಂದ ಈ ಲಿಫ್ಟಿನ ಬಗ್ಗೆ ಎಲ್ಲರೂ ಗೊಣಗಿದ್ದೇ ಹೊರತು ಒಬ್ಬರಾದರೂ ಟೇಪು ಹಿಡಿದಿರಲಿಲ್ಲ. ಅವರು ಲಿಫ್ಟಿನ ಗೋಡೆಗೆ ಪುಸ್ತಕ ಆನಿಸಿ ಏನನ್ನೋ ಉದ್ದಕ್ಕೆ ಬರೆದು, ಕೆಳಗೆ ಬಗ್ಗಿ ತೋರಿಸಿದರು.

"ಇದಕ್ಕೊಂದು ಸಹಿ ಹಾಕ್ತೀರಾ? ಅಳತೆ ಗೊತ್ತಿರೋರ ಸಹಿಗೆ ತೂಕ ಜಾಸ್ತಿ."

ಅಳತೆಗಾರನ ಕಣ್ಣು ನೇರವಾಗಿ ಅಂಕಿಯ ಮೇಲೆ ಬಿತ್ತು. ಎಪ್ಪತ್ತೊಂದು ಎಂದು ಬರೆದಿದ್ದರು. ಅವನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಎಪ್ಪತ್ತೊಂದನ್ನು ಹೊಡೆದುಹಾಕಿ, ಎಪ್ಪತ್ತು ಬಿಂದು ನಾಲ್ಕು ಎಂದು ಅಚ್ಚುಕಟ್ಟಾಗಿ ತಿದ್ದಿ, ಅದರ ಪಕ್ಕದಲ್ಲಿ ಸಹಿ ಹಾಕಿದ. ಅಂಕಿಯ ಹಿಂದೆ ಮುಂದೆ ಏನು ಬರೆದಿದೆ ಎಂದು ಓದುವುದಕ್ಕೆ ಪುರುಸೊತ್ತಿರಲಿಲ್ಲ. ಮೇಲೆ ಆರನೇ ಮಹಡಿಯವರು ಬಾಗಿಲನ್ನು ಡೋಲಿನಂತೆ ಬಡಿಯುತ್ತಿದ್ದರು. ಚಪ್ಪಲಿ ಕಾಲಿಗೆ ಹಾಕಿಕೊಂಡು, ಮಕ್ಕಳನ್ನು ಕರೆದುಕೊಂಡು ಹೊರಟ.

ಗಾಡಿಗಳ ಅಂಗಡಿ ನಾಲ್ಕು ಬೀದಿ ಆಚೆ. ಅಂಗಡಿಯಾಕೆ ಅನುಭವಸ್ಥೆ. ಒಳಗೆ ಬಂದವರ ಮುಖ ನೋಡಿಯೇ ಅವರ ಮನೆಯಲ್ಲಿ ರಾತ್ರಿ ಎಷ್ಟು ಗಂಟೆ ನಿದ್ದೆ ಎಂದು ಹೇಳಬಲ್ಲವಳು. ಅಳತೆಗಾರ ಪಟ್ಟಿ ಬಿಚ್ಚಿದಾಗ ಅವಳು ಒಂದು ತುದಿ ಹಿಡಿದುಕೊಂಡು ತಾಳ್ಮೆಯಿಂದ ಓದಿದಳು. ಆಮೇಲೆ ಪಟ್ಟಿಯನ್ನು ಮಡಿಸಿ ಅವನ ಕೈಗೇ ಕೊಟ್ಟು, ಎರಡು ಗಾಡಿ ಎಳೆದು ತಂದು ನಿಲ್ಲಿಸಿದಳು.

ಮೊದಲನೆಯದು ಪಕ್ಕಪಕ್ಕದ್ದು. ಹತ್ತು ಕಿಲೋ ತೂಕ. ಒಂದು ಗುಂಡಿ ಒತ್ತಿದರೆ ಛತ್ರಿಯ ಹಾಗೆ ಮಡಚಿಕೊಳ್ಳುತ್ತಿತ್ತು. ಮಡಚಿದ ಮೇಲೆ ಪಟ್ಟಿ ಹಿಡಿದು ಹೆಗಲಿಗೆ ಹಾಕಿಕೊಳ್ಳಬಹುದು ಎಂದು ಅವಳು ಹಾಕಿಕೊಂಡೇ ತೋರಿಸಿದಳು. ಅಗಲ ಎಪ್ಪತ್ತಾರು. ಎರಡನೆಯದು ಹಿಂದೆ ಮುಂದೆಯದು. ಅಗಲ ಬರೀ ಅರವತ್ತು, ಆದರೆ ಉದ್ದ ನೂರ ಹನ್ನೆರಡು, ತೂಕ ಹದಿನೆಂಟು ಕಿಲೋ. ಪೂರ್ತಿ ಮಡಚುವುದಿಲ್ಲ, ಸ್ವಲ್ಪ ಬಗ್ಗುತ್ತದೆ ಅಷ್ಟೇ. ನೋಡುವುದಕ್ಕೆ ಚಕ್ರ ಕಟ್ಟಿದ ಬೆಂಚಿನ ಹಾಗಿತ್ತು.

ಮಗಳು ಆಗಲೇ ಪಕ್ಕಪಕ್ಕದ ಗಾಡಿಯೇರಿ ಕೂತಾಗಿತ್ತು. ತಮ್ಮನನ್ನೂ ಪಕ್ಕದಲ್ಲಿ ಕೂರಿಸಿದರು. ಅವನು ಅಕ್ಕನ ಜಡೆ ಹಿಡಿದು ರುಚಿ ನೋಡಿದ. ಅವಳು ಅವನ ಕೈಬಿಡಿಸಿ ಟೋಪಿ ಸರಿಮಾಡಿದಳು. ಇಬ್ಬರಿಗೂ ಒಪ್ಪಿಗೆ. ಅಳತೆಗಾರನಿಗೂ ಮನಸ್ಸಿನಲ್ಲಿ ಅದೇ ಇಷ್ಟವಾಗಿತ್ತು. ಎಪ್ಪತ್ತಾರು ಎಂದರೂ ಚಕ್ರದ ಹೊರಚಾಚಿದ ಗುಬಟು ಸೇರಿಸಿಯೋ ಬಿಟ್ಟೋ ಎಂದು ಅವನು ಕೇಳಿದ. ಬೀದಿಯಲ್ಲಿ ಒಂದು ಸುತ್ತು ತಳ್ಳಿ ನೀವೇ ನೋಡಿ, ಇದು ಪರೀಕ್ಷೆಗೆಂದೇ ಇಟ್ಟ ಗಾಡಿ ಎಂದು ಅಂಗಡಿಯಾಕೆ ಬಾಗಿಲು ತೆಗೆದಳು. ಅವಳ ಅಂಗಡಿಯ ಬಾಗಿಲು ಆನೆ ಹೋಗುವಷ್ಟು ಅಗಲ.

ಬೀದಿಯಲ್ಲಿ ಗಾಡಿ ನೀರಿನ ಮೇಲಿನ ದೋಣಿಯಂತೆ ಹೋಯಿತು. ನಾಲ್ಕನೇ ಅಂಗಡಿ ಬ್ರೆಡ್ಡಿನದು. ಅಲ್ಲಿಂದ ಬಿಸಿ ಬನ್ನಿನ ವಾಸನೆ ಬಂತು. ಮಗಳು ಮೂಗೆತ್ತಿ, ತನಗೆ ಬನ್ನು ಬೇಕೆಂದಳು. ಮಕ್ಕಳನ್ನು ಹೊರಗೆ ಬಿಟ್ಟು ಒಳಗೆ ಹೋಗುವಂತಿಲ್ಲ. ಟೇಪು ತೆಗೆಯೋಣವೆಂದರೆ ಎರಡು ಕೈಯೂ ಹಿಡಿಕೆಯ ಮೇಲಿತ್ತು. ಅಳತೆಗಾರ ಬಾಗಿಲನ್ನು ಕಣ್ಣಲ್ಲೇ ಅಂದಾಜು ಮಾಡಿದ, ಜನ್ಮದಲ್ಲಿ ಮೊದಲ ಸಲ. ಹೋಗುತ್ತದೆ ಅನ್ನಿಸಿತು. ತಳ್ಳಿದ.

ಮುಂದಿನ ಚಕ್ರಗಳು ಹೋದವು. ಹಿಂದಿನವು ಚೌಕಟ್ಟಿಗೆ ಕಚ್ಚಿ ನಿಂತವು. ಅವನು ಹಿಂದಕ್ಕೆ ಎಳೆದ, ಬರಲಿಲ್ಲ. ಬಾಟಲಿಗೆ ಒತ್ತಿದ ಬಿರಡೆಯ ಹಾಗೆ ಗಾಡಿ ಕೂತುಬಿಟ್ಟಿತ್ತು. ಮಕ್ಕಳು ಅಂಗಡಿಯ ಒಳಗೆ, ತಂದೆ ಬೀದಿಯಲ್ಲಿ. ಒಳಗೆ ಬ್ರೆಡ್ಡು ಕೊಂಡ ಐದಾರು ಜನ ಹೊರಗೆ ಬರಲಾರರು, ಹೊರಗೆ ಕೊಳ್ಳಲು ಬಂದವರು ಒಳಗೆ ಹೋಗಲಾರರು. ಎರಡು ಕಡೆಯೂ ಸಲಹೆಗಳು ಹುಟ್ಟಿದವು. ಚಕ್ರಕ್ಕೆ ಬೆಣ್ಣೆ ಹಚ್ಚಿ ಎಂದರು ಒಬ್ಬರು. ಬಾಗಿಲಿನ ತಿರುಪು ಬಿಚ್ಚಿ ಎಂದರು ಇನ್ನೊಬ್ಬರು. ಮಗು ಅಳದಿರಲಿ ಎಂದು ಒಳಗಿದ್ದ ಒಬ್ಬ ಹೆಂಗಸು ಮಗಳ ಕೈಗೆ ಬನ್ನು ಕೊಟ್ಟರು. ಅದನ್ನು ನೋಡಿ ಇನ್ನೊಬ್ಬರು ತಮ್ಮನ ಕೈಗೂ ಒಂದು ಚೂರು ಕೊಟ್ಟರು. ಮಕ್ಕಳಿಗೆ ಅಂಥ ಒಳ್ಳೆಯ ಮಧ್ಯಾಹ್ನ ಬಹಳ ದಿನದಿಂದ ಸಿಕ್ಕಿರಲಿಲ್ಲ. ಬ್ರೆಡ್ಡಿನ ಅಂಗಡಿಯವರು ಕೈಯ ಹಿಟ್ಟು ಒರೆಸಿಕೊಂಡು ಬಂದು, ಗಾಡಿಯ ಮೇಲಿಂದ ಅಳತೆಗಾರನನ್ನು ನೋಡಿದರು.

"ಸ್ವಾಮಿ, ನಿಮ್ಗೆ ಕನ್ನಡಕ ಏನಾದ್ರೂ ಬೇಕಾ ಅಂತ ಒಮ್ಮೆ ತೋರಿಸ್ಕೊಳ್ಳಿ. ಮುಂದಿನ ಬೀದೀಲಿ ಒಂದು ಒಳ್ಳೇ ಅಂಗಡಿ ಇದೆ."

ಅದು ಅಳತೆಗಾರ ಕೆಲಸ ಮಾಡುವ ಅಂಗಡಿಯೇ. ಅವನು ತಲೆಯಾಡಿಸಿ, ಮತ್ತೆ ಹಿಡಿಕೆ ಹಿಡಿದು ಜಗ್ಗಿದ.

ಕೊನೆಗೆ ಗಾಡಿಯಂಗಡಿಯಾಕೆಯೇ ಬರಬೇಕಾಯಿತು. ಮಕ್ಕಳನ್ನು ಎತ್ತಿಸಿ, ಆ ಒಂದು ಗುಂಡಿ ಒತ್ತಿದಳು. ಗಾಡಿ ಛತ್ರಿಯಂತೆ ಮಡಚಿಕೊಂಡು ತಾನಾಗಿ ಕೈಗೆ ಬಂತು. ಜನ ಒಳಗೂ ಹೊರಗೂ ಹರಿದರು. ಆದರೆ ಅಷ್ಟರಲ್ಲಿ ಅಳತೆಗಾರನ ಮನಸ್ಸು ತೀರ್ಮಾನಿಸಿಯಾಗಿತ್ತು. ಕೈ ಬಿಡುವಾದ ಕೂಡಲೇ ಟೇಪು ಹಿಡಿದು ನೋಡಿದ್ದ, ಬಾಗಿಲು ಎಪ್ಪತ್ತೈದು. ಎಪ್ಪತ್ತೈದರ ಬಾಗಿಲಲ್ಲೇ ಈ ಗತಿಯಾದರೆ ಎಪ್ಪತ್ತು ಬಿಂದು ನಾಲ್ಕರ ಲಿಫ್ಟಿನಲ್ಲಿ ಏನು ಗತಿ? ಬೇಡಪ್ಪ. ಹಿಂದೆ ಮುಂದೆಯದೇ ಸರಿ.

ಮಗಳಿಗೆ ಬೇಸರವಾಯಿತು. ಮುಂದಿನ ಸೀಟು ಅವಳದೇ, ಗಾಡಿಯ ಚಾಲಕಿ ಅವಳೇ ಎಂದು ಒಪ್ಪಂದವಾದ ಮೇಲೆ ಬೆಂಚಿನಂಥ ಗಾಡಿ ಹತ್ತಿದಳು. ಅಂಗಡಿಯಾಕೆ ರಸೀದಿ ಬರೆಯುವ ಮೊದಲು ಪೆನ್ನು ನಿಲ್ಲಿಸಿ, ಎಷ್ಟನೇ ಮಹಡಿ ಎಂದು ಕೇಳಿದಳು. ಐದು ಎಂದ.

"ಲಿಫ್ಟ್ ಇದೆ ತಾನೇ? ಇದು ಹೊರೋ ಗಾಡಿ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ. ಚಕ್ರ ಒಮ್ಮೆ ರಸ್ತೆ ಮುಟ್ಟಿದ್ರೆ ನಾವು ವಾಪಸ್ ತಗೊಳ್ಳಲ್ಲ."

"ಲಿಫ್ಟ್ ಇದೆ," ಎಂದ ಅಳತೆಗಾರ. "ಮಧ್ಯಾಹ್ನ ನಾನೇ ಅಳೆದು ಬಂದಿದ್ದೀನಿ."

ಹಳೆಯ ಒಂಟಿ ಗಾಡಿಯನ್ನು ಅವಳಲ್ಲೇ ಬಿಟ್ಟು, ಹೊಸದನ್ನು ತಳ್ಳಿಕೊಂಡು ಹೊರಟ. ಅದು ಭಾರವಾಗಿಯೇ ಇತ್ತು, ಆದರೆ ಒಮ್ಮೆ ಉರುಳತೊಡಗಿದ ಮೇಲೆ ತನ್ನ ಪಾಡಿಗೆ ತಾನು ಹೋಗುತ್ತಿತ್ತು. ತಿರುವಿನಲ್ಲಿ ಮಾತ್ರ ಉದ್ದನೆಯ ಬಸ್ಸಿನಂತೆ ಮೊದಲೇ ಯೋಚಿಸಬೇಕಿತ್ತು. ಎರಡನೇ ಬೀದಿಯಲ್ಲಿ ಮಗ ನಿದ್ದೆಹೋದ, ಮೂರನೆಯದರಲ್ಲಿ ಮಗಳ ತಲೆ ವಾಲಿತು. ದಾರಿಯಲ್ಲಿ ಒಬ್ಬ ಅಪರಿಚಿತರು ನಿಂತು, ಒಳ್ಳೆ ಗಾಡಿ ಎಂದರು. ಅಳತೆಗಾರನಿಗೆ ಆ ಸಂಜೆ ಇಡೀ ಊರೇ ತನಗೆ ಸರಿಯಾಗಿ ಅಳೆದು ಹೊಲಿದಂತೆ ಕಂಡಿತು.

ಸುಮಾರು ಐದಕ್ಕೆ ಕಟ್ಟಡ ತಲುಪಿದ. ಲಿಫ್ಟಿನ ಬಾಗಿಲು ತೆರೆದು, ಉಸಿರು ಬಿಗಿಹಿಡಿದು ತಳ್ಳಿದ. ಎರಡು ಬದಿಯಲ್ಲೂ ಐದೈದು ಸೆಂಟಿಮೀಟರ್ ಜಾಗ ಬಿಟ್ಟು ಗಾಡಿ ಒಳಗೆ ಹೋಯಿತು. ಹಿಂದೆ ಎಂಟು ಸೆಂಟಿಮೀಟರ್ ಉಳಿಯಿತು. ಅವನು ತಾನು ಮಾತ್ರ ಗೋಡೆಗಂಟಿದ ಹಲ್ಲಿಯ ಹಾಗೆ ಪಕ್ಕದಲ್ಲಿ ನಿಂತು, ಐದನೇ ಮಹಡಿಯ ಗುಂಡಿಯನ್ನು ಗಲ್ಲದಿಂದ ಒತ್ತಿದ. ಮಕ್ಕಳು ಕದಲಲಿಲ್ಲ. ಮನೆಯೊಳಗೆ, ಸೋಫಾದ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಪಟ್ಟಿ ಅಂಟಿಸಲು ಫ್ರಿಜ್ಜಿಗೆ ಹಾಕಿದ್ದ ಅಂಟುಟೇಪನ್ನು ಕಿತ್ತು, ಒಂದು ಲೋಟ ನೀರು ಕುಡಿದು ಕೂತ. ಎಂಟು ತಿಂಗಳಲ್ಲಿ ಮೊದಲ ಸಲ ಅವನ ತಲೆಯಲ್ಲಿ ಯಾವ ಅಂಕಿಯೂ ಇರಲಿಲ್ಲ.

ಆರೂ ಇಪ್ಪತ್ತಕ್ಕೆ ಹೆಂಡತಿ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಣೆಯಲ್ಲಿ ಬೆವರು, ಏದುಸಿರು. ಲಿಫ್ಟಿನ ಬಾಗಿಲು ತೆಗೆದಿಟ್ಟುಕೊಂಡು ಕೆಳಗೆ ಇಬ್ಬರು ಏನೋ ಮಾಡುತ್ತಿದ್ದಾರೆ, ಐದು ಮಹಡಿಯೂ ಹತ್ತಿಯೇ ಬಂದೆ ಎಂದಳು. ಎಣ್ಣೆ ಹಾಕುತ್ತಿರಬೇಕು, ಶನಿವಾರವಲ್ಲವೇ ಎಂದು ಅಳತೆಗಾರ ಸಮಾಧಾನ ಹೇಳಿದ. ಅವಳು ಗಾಡಿಯ ಸುತ್ತ ಒಂದು ಸುತ್ತು ಬಂದಳು. ಮಲಗಿದ್ದ ಇಬ್ಬರನ್ನೂ ನೋಡಿದಳು. ಮೆಚ್ಚುಗೆಯಾದದ್ದು ಮುಖದಲ್ಲೇ ಗೊತ್ತಾಗುತ್ತಿತ್ತು. ಸುಮ್ಮನೆ ಒಂದು ಕಡೆ ಹಿಡಿದು ಎತ್ತಿ ನೋಡಿದಳು. ಗಾಡಿ ಜಗ್ಗಲಿಲ್ಲ.

"ತುಂಬಾ ಭಾರ ಅಲ್ವಾ ರೀ?"

"ಇದು ಎತ್ತೋದಲ್ಲ, ತಳ್ಳೋದು. ಭಾರ ಇದ್ರೇನೇ ಗಟ್ಟಿ." ಅಳತೆಗಾರ ಕಾಲಿನ ಮೇಲೆ ಕಾಲು ಹಾಕಿ ಕೂತ.

ಆಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಕಾರ್ಯದರ್ಶಿಗಳು. ಅವರ ಹಿಂದೆ ಮೆಟ್ಟಿಲ ಮೇಲೆ ಸೋಫಾದ ಮೂರನೇ ಮಹಡಿಯವರು, ಟೆಲಿಫೋನ್ ದೊಡ್ಡಮ್ಮ, ಎಲ್ಲರಿಗಿಂತ ಹಿಂದೆ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲೇರುತ್ತಿದ್ದ ಮಂಡಿನೋವಿನ ಆಂಟಿ. ಕಾರ್ಯದರ್ಶಿಗಳು ಒಳಗೆ ಬರಲಿಲ್ಲ. ಬಾಗಿಲಲ್ಲೇ ನೀಲಿ ಪುಸ್ತಕ ತೆರೆದು, ಎರಡೂ ಪಾದ ಜೋಡಿಸಿ ನಿಂತು, ಮಧ್ಯಾಹ್ನ ಬರೆದದ್ದನ್ನು ಗಟ್ಟಿಯಾಗಿ ಓದಿದರು. ನಮ್ಮ ಕಟ್ಟಡದ ಲಿಫ್ಟಿನ ಬಾಗಿಲು ಕೇವಲ ಎಪ್ಪತ್ತು ಬಿಂದು ನಾಲ್ಕು ಸೆಂಟಿಮೀಟರ್ ಇದ್ದು, ಎರಡು ಚಿಕ್ಕ ಮಕ್ಕಳ ತಂದೆಯಾದ ನನಗೆ ಜೋಡಿ ಗಾಡಿಯನ್ನು ಒಯ್ಯಲು ಸಾಧ್ಯವಾಗದೆ ತೀವ್ರ ತೊಂದರೆಯಾಗುತ್ತಿರುವುದರಿಂದ, ಲಿಫ್ಟನ್ನು ಕೂಡಲೇ ಬದಲಾಯಿಸಬೇಕೆಂದು ಕೋರುತ್ತೇನೆ. ಕೆಳಗೆ ಸಹಿ. ಸಹಿ ಅಳತೆಗಾರನದೇ. ಅಂಕಿಯನ್ನು ತಿದ್ದಿದ್ದೂ ಅವನ ಅಂದವಾದ ಕೈಬರಹದಲ್ಲೇ.

ಮುಂದಿನದನ್ನು ಎಲ್ಲರೂ ಸೇರಿ ಹೇಳಿದರು. ದೊಡ್ಡ ಲಿಫ್ಟು ಹಾಕುವ ಪ್ರಸ್ತಾವ ಹನ್ನೆರಡು ವರ್ಷದಿಂದ ಕಡತದಲ್ಲಿ ಮಲಗಿತ್ತು. ಕಂಪನಿಯವರು ಸಿದ್ಧರಿದ್ದರು, ಸಂಘವೂ ಸಿದ್ಧವಿತ್ತು. ಬೇಕಿದ್ದದ್ದು ಒಬ್ಬ ನಿವಾಸಿಯ ಲಿಖಿತ ಕೋರಿಕೆ ಮಾತ್ರ, ಅದನ್ನು ಕೊಡುವುದಕ್ಕೆ ಒಬ್ಬರಿಗೂ ಮನಸ್ಸಿರಲಿಲ್ಲ. ಇವತ್ತು ಎರಡು ಗಂಟೆಗೆ ಟೆಲಿಫೋನ್ ದೊಡ್ಡಮ್ಮ ಎಲ್ಲ ಮನೆಗೂ ಸುದ್ದಿ ಮುಟ್ಟಿಸಿದರು, ಮೂರಕ್ಕೆ ಸಭೆ ಸೇರಿತು, ನಾಲ್ಕಕ್ಕೆ ಒಪ್ಪಿಗೆಯಾಯಿತು. ಮಕ್ಕಳ ವಿಷಯ ಎಂದಮೇಲೆ ಯಾರು ಬೇಡವೆನ್ನುತ್ತಾರೆ? ಕಂಪನಿಯವರ ಕೈಯಲ್ಲಿ ಬೇರೆ ಕೆಲಸವಿರಲಿಲ್ಲ, ಐದೂವರೆಗೇ ಬಂದು ಬಿಚ್ಚತೊಡಗಿದರು. ಹೊಸ ಬಾಗಿಲು ತೊಂಬತ್ತು ಸೆಂಟಿಮೀಟರ್. ಎಂಥ ಅಗಲದ ಗಾಡಿಯಾದರೂ ಸಲೀಸಾಗಿ ಹೋಗುತ್ತದೆ. ನಾಲ್ಕೇ ತಿಂಗಳು, ಅಲ್ಲಿಯವರೆಗೆ ಮೆಟ್ಟಿಲು.

ಅಳತೆಗಾರ ಗೋಡೆಗೆ ಕೈಯೂರಿದ. ಗಾಡಿಯನ್ನು ಕೆಳಗೇ ಇಟ್ಟುಕೊಳ್ಳಬಹುದೇ ಎಂದು ಸಣ್ಣ ದನಿಯಲ್ಲಿ ಕೇಳಿದ. ಕಾರ್ಯದರ್ಶಿಗಳು ವಿಷಾದದಿಂದ ತಲೆಯಾಡಿಸಿದರು. ಕೆಳಗಿನ ಹಜಾರ ಪೂರ್ತಿ ಲಿಫ್ಟಿನ ಸಾಮಾನಿಗೆ ಬಿಟ್ಟುಕೊಟ್ಟಾಗಿದೆ, ಕಾಗದದ ಮೇಲೆಯೇ ಇದೆ. ಹಾಗೆ ಹೇಳುತ್ತಿರುವಾಗ ಅವರ ಕಣ್ಣು ಒಳಗೆ ಸೋಫಾದ ಪಕ್ಕಕ್ಕೆ ಹೋಯಿತು. ಸ್ವಲ್ಪ ಹೊತ್ತು ನೋಡಿದರು.

"ಓ, ಗಾಡಿ ಆಗ್ಲೇ ಬಂದಿದೆ. ಇದು ಹೇಗೆ ಮೇಲೆ ಬಂತು?"

"ಲಿಫ್ಟಲ್ಲಿ," ಎಂದ ಅಳತೆಗಾರ.

"ಹಳೇ ಲಿಫ್ಟಿಗೆ ಹಿಡಿಸ್ತಾ?"

"ಹಿಡಿಸ್ತು. ಎರಡು ಕಡೆನೂ ಐದೈದು ಸೆಂಟಿಮೀಟರ್ ಉಳೀತು."

ಮಂಡಿನೋವಿನ ಆಂಟಿ ಕಂಬಿ ಬಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಅಳತೆಗಾರನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅವರ ನೋಟಕ್ಕೆ ಟೇಪು ಬೇಕಿರಲಿಲ್ಲ. ಕಾರ್ಯದರ್ಶಿಗಳು ನಿಧಾನವಾಗಿ ಪುಸ್ತಕ ಮುಚ್ಚಿದರು.

"ಒಂದ್ ಮಾತು ಮೊದ್ಲೇ ಹೇಳ್ಬಾರ್ದಿತ್ತೇನ್ರೀ," ಎಂದರು ನೊಂದವರಂತೆ. "ನಿಲ್ಲಿಸ್ತಿದ್ವಿ."

ಅವರೆಲ್ಲ ಇಳಿದು ಹೋದರು. ಹೋಗುತ್ತ ಟೆಲಿಫೋನ್ ದೊಡ್ಡಮ್ಮ ಪ್ರತಿ ಮಹಡಿಯಲ್ಲೂ ನಿಂತು ಏನೋ ಹೇಳುತ್ತಿದ್ದದ್ದೂ, ಒಳಗಿನಿಂದ ಹಾಗಾ ಎಂದು ಕೇಳುತ್ತಿದ್ದದ್ದೂ ಮೇಲಿನವರೆಗೆ ಬರುತ್ತಿತ್ತು. ಅದರ ಹಿಂದೆಯೇ ಲಿಫ್ಟಿನ ಬಾವಿಯಿಂದ ಸುತ್ತಿಗೆಯ ಸದ್ದು. ಯಾವುದೋ ದೊಡ್ಡ ಹಲಗೆ ಕಳಚಿ ಬಿತ್ತು. ಮಗ ನಿದ್ದೆಯಲ್ಲೇ ಬೆಚ್ಚಿ, ಮತ್ತೆ ಬೆರಳು ಬಾಯಿಗಿಟ್ಟುಕೊಂಡ.

ಹೆಂಡತಿ ಬಾಗಿಲು ಹಾಕಿ ಬಂದು ಗಾಡಿಯ ಒಂದು ತುದಿಯಲ್ಲಿ ಕೂತಳು. ಗಂಡನನ್ನು ನೋಡಿ ಅವಳಿಗೆ ಬೈಯುವ ಮನಸ್ಸಾಗಲಿಲ್ಲ. ನಗು ಬರುತ್ತಿತ್ತು, ಅದನ್ನು ನುಂಗಿಕೊಂಡಳು.

"ಸೋಮವಾರ ಒಂಬತ್ತಕ್ಕೆ ಸರಿಯಾಗಿ ಅಂಗಡೀಲಿರ್ಬೇಕು ಅಂದ್ರೆ, ಮನೆ ಎಷ್ಟು ಗಂಟೆಗೆ ಬಿಡ್ಬೇಕಾಗುತ್ತೆ?" ಎಂದು ಕೇಳಿದಳು.

ಅಳತೆಗಾರ ಮೊದಲು ಗಾಡಿ ನೋಡಿದ, ಆಮೇಲೆ ಮಲಗಿದ ಇಬ್ಬರು ಮಕ್ಕಳನ್ನು ನೋಡಿದ, ಆಮೇಲೆ ಮುಚ್ಚಿದ ಬಾಗಿಲನ್ನು, ಅದರಾಚೆಯ ಐದು ಮಹಡಿಯ ಮೆಟ್ಟಿಲನ್ನು ಮನಸ್ಸಿನಲ್ಲೇ ನೋಡಿದ. ಜೇಬಿನ ಟೇಪಿಗೆ ಕೈ ಹೋಗಲಿಲ್ಲ.

"ಈಗ್ಲೇ ಹೊರಡೋದು ವಾಸಿ," ಎಂದ.